ಹೆಸರಿಗೆ ಬಿಟ್ಟ ಜಾಗ

ನಲವತ್ತೆರಡನೆಯ ಇಸವಿಯ ಆಗಸ್ಟಿನಲ್ಲಿ ಚಳವಳಿಯ ಗಲಾಟೆಗೆ ಬೆಂಗಳೂರಿನ ಶಾಲೆ ಕಾಲೇಜುಗಳು ಬಾಗಿಲು ಹಾಕಿದಾಗ, ಆಂಜಿನಪ್ಪ ಒಂದು ಟ್ರಂಕು, ಒಂದು ಬಣ್ಣದ ಪೆಟ್ಟಿಗೆ, ಎದೆಯೆತ್ತರದ ಒಂದು ಹಲಗೆ ಹೊರಿಸಿಕೊಂಡು ದೇವರಾಯಸಮುದ್ರದ ತನ್ನ ಮನೆಗೆ ಬಂದ. ಚಿತ್ರಕಲಾ ಶಾಲೆಯಲ್ಲಿ ಅವನದು ಕೊನೆಯ ವರ್ಷ. ಶಾಲೆ ಮತ್ತೆ ತೆರೆಯುವುದು ಯಾವಾಗೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಪರೀಕ್ಷೆಯ ಕೆಲಸವನ್ನು ಮನೆಯಲ್ಲೇ ಮುಗಿಸಿ ತರಬೇಕೆಂದು ಮೇಷ್ಟರು ಹೇಳಿ ಕಳಿಸಿದ್ದರು. ಕೆಲಸ ಎರಡು: ಒಂದು ಸಿನಿಮಾ ಪೋಸ್ಟರು, ಇನ್ನೊಂದು ಹೆಂಗಸರ ಮಾಸಪತ್ರಿಕೆಗೆ ಮುಖಪುಟ. ಸಿನಿಮಾ ಯಾವುದಾದರೂ ಆಗಬಹುದು; ಯಾರೂ ತೆಗೆಯದ ಸಿನಿಮಾ ಆದರೂ ಸರಿ.

ಮನೆಯಲ್ಲಿ ಆಗ ರೇಷ್ಮೆ ಹುಳುಗಳು ಎಷ್ಟು ಸೊಪ್ಪು ಹಾಕಿದರೂ ಸಾಲದೆನ್ನುವ ಹೊತ್ತು. ಯುದ್ಧದವರಿಗೆ ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿತ್ತು. ಎಂದೂ ಇಲ್ಲದ ಬೆಲೆ ಗೂಡಿಗೆ ಬಂದಿತ್ತು. ಅಪ್ಪ ದೊಡ್ಡನಾರಾಯಣಪ್ಪ ಪಡಸಾಲೆಯ ತುಂಬ ಹುಳುವಿನ ತಟ್ಟೆಗಳನ್ನು ಅಟ್ಟಣೆ ಕಟ್ಟಿ ಇಡಿಸಿದ್ದ. ಆ ಮನೆಯಲ್ಲಿ ಸರಿಯಾದ ಬೆಳಕಿದ್ದದ್ದೂ ಪಡಸಾಲೆಯಲ್ಲಿ ಮಾತ್ರ. ಮಗ ಬಂದ ಮಾರನೆಯ ಬೆಳಿಗ್ಗೆಯೇ ಜಾಗಕ್ಕೆ ಜಗಳ ಶುರುವಾಯಿತು.

"ನೀನು ಇಲ್ಲಿ ಕೂತ್ರೆ ಹುಳ ಎಲ್ಲಿಗೆ ಹೋಗ್ಬೇಕು?" ಅಂದ ದೊಡ್ಡನಾರಾಯಣಪ್ಪ.

"ಹಟ್ಟಿ ಪಕ್ಕದ ಕೋಣೇಲಿ ಇಡಿ. ಅವಕ್ಕೆ ಬೆಳಕು ಬೇಡ, ನನಗೆ ಬೇಕು."

"ಮುದ್ದೆ ಹಾಕೋದು ಹುಳ ಕಣೋ. ನೀನು ಬರೆಯೋ ಬೊಂಬೆ ಅಲ್ಲ."

"ಈ ಬೊಂಬೆ ಬರೀದೆ ಹೋದ್ರೆ ಇಷ್ಟು ವರ್ಷ ನೀವು ನನ್ನ ಓದಿಸಿದ್ದೆಲ್ಲ ನೀರಿಗೆ ಹಾಕಿದಂಗೆ."

ಅವ್ವ ಆವಲಮ್ಮ ನಡುವೆ ಬಂದು ಮಗನ ಪಕ್ಷ ಹಿಡಿದಳು. ಸಂಜೆಯ ಹೊತ್ತಿಗೆ ತಟ್ಟೆಗಳೆಲ್ಲ ಹಟ್ಟಿಯ ಪಕ್ಕದ ಕೋಣೆಗೆ ಹೋದವು. ಅವನ್ನು ಹೊತ್ತವಳು ಸೊಸೆ ಭಾರತಮ್ಮ.

ಭಾರತಮ್ಮ ಮಾಲೂರಿನ ಕಡೆಯವಳು. ಚಿಕ್ಕಂದಿನಲ್ಲಿ ಸಿಡುಬು ಬಂದು ಹೋದದ್ದರ ಗುರುತು ಮುಖದ ತುಂಬ ಇತ್ತು. ಆವಲಮ್ಮ ಮುಖ ನೋಡದೆ ಕೆಲಸ ನೋಡಿ ತಂದುಕೊಂಡ ಸೊಸೆ ಅವಳು. ಆ ಮಾತನ್ನು ಆವಲಮ್ಮ ಬಂದವರ ಮುಂದೆಲ್ಲ ಹೊಗಳಿಕೆಯಾಗಿಯೇ ಹೇಳುತ್ತಿದ್ದಳು. ಗಂಡ ಓದುವುದಕ್ಕೆ ಬೆಂಗಳೂರಿನಲ್ಲಿದ್ದುದರಿಂದ, ಮದುವೆಯಾದ ಮೇಲೆ ಅವನ ಜೊತೆ ಅವಳು ಕಳೆದದ್ದು ಹಬ್ಬದ ರಜೆಗಳನ್ನು ಮಾತ್ರ.

ಪೋಸ್ಟರಿಗೆ ಒಬ್ಬ ಹೆಣ್ಣಿನ ಮುಖ ಬೇಕಾಗಿತ್ತು. ಎದುರಿಗೆ ಯಾರಾದರೂ ಕೂರದಿದ್ದರೆ ಆಂಜಿನಪ್ಪನ ಕೈ ಓಡುತ್ತಿರಲಿಲ್ಲ. ಹೆಂಡತಿಯನ್ನೇ ಕೂರಿಸಿಕೋ ಎಂದು ಆವಲಮ್ಮ ಹೇಳಿದಾಗ ಅವನು ತಲೆಯಾಡಿಸಿಬಿಟ್ಟ.

"ಅವಳ ಮುಖ ಪೋಸ್ಟರಿಗೆ ಆಗಲ್ಲಮ್ಮ. ದೂರದಿಂದ ನೋಡಿದೋರು ಅಲ್ಲೇ ನಿಂತ್ಕೋಬೇಕು, ಅಂಥ ಮುಖ ಬೇಕು."

ಅಡುಗೆಮನೆಯಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಭಾರತಮ್ಮನಿಗೆ ಈ ಮಾತು ಕೇಳಿಸಿತು. ಅವಳು ಜರಡಿ ನಿಲ್ಲಿಸಲಿಲ್ಲ.

ಕೊನೆಗೆ ಕೂತವಳು ಆಂಜಿನಪ್ಪನ ತಂಗಿ ಗಂಗರತ್ನ. ಹದಿನಾರು ತುಂಬಿದ ಹುಡುಗಿ, ದುಂಡು ಮುಖ, ನಕ್ಕರೆ ಕೆನ್ನೆಯಲ್ಲಿ ಗುಳಿ. ಮೊದಲ ದಿನ ನಾಚಿದಳು, ಎರಡನೆಯ ದಿನ ತಾನೇ ಕನ್ನಡಿ ಹಿಡಿದು ಕೂದಲು ತಿದ್ದಿಕೊಂಡಳು. ಆವಲಮ್ಮ ಪೆಟ್ಟಿಗೆಯಿಂದ ತನ್ನ ಹಳೆಯ ಚಿನ್ನದ ಅಡ್ಡಿಕೆಯನ್ನು ತೆಗೆದು ಮಗಳ ಕೊರಳಿಗೆ ಕಟ್ಟಿದಳು. ನಡುವೆ ಕೆಂಪು ಹರಳಿನ ಗಿಳಿಯಿದ್ದ ಆ ಅಡ್ಡಿಕೆ ಆವಲಮ್ಮನ ತವರಿನಿಂದ ಬಂದದ್ದು; ಅಂಥದು ಸುತ್ತ ಊರುಗಳಲ್ಲಿ ಇನ್ನೊಂದಿರಲಿಲ್ಲ. ಗಂಡ ತೋಟಕ್ಕೆ ಹೋದ ಮೇಲೆ ಇದೆಲ್ಲ ನಡೆಯುತ್ತಿತ್ತು. ಮೇಷ್ಟರೊಬ್ಬರು ಬಿಟ್ಟರೆ ಬೇರೆ ಯಾರೂ ನೋಡುವುದಿಲ್ಲವೆಂದು ಆಂಜಿನಪ್ಪ ಅವ್ವನಿಗೆ ಮಾತು ಕೊಟ್ಟಿದ್ದ.

ಗಂಗರತ್ನ ಕೂತಷ್ಟು ಹೊತ್ತು ಅವಳ ಕೆಲಸವೂ ಭಾರತಮ್ಮನ ಪಾಲಿಗೆ ಬಿತ್ತು. ಬೆಳಿಗ್ಗೆ ಸೊಪ್ಪು ಬಿಡಿಸಿ ತಂದು, ಹೆಚ್ಚಿ, ತಟ್ಟೆಗೆ ಹರಡಿ, ಹಿಕ್ಕೆ ಬಳಿದು, ನೀರು ಸೇದಿ, ಮುದ್ದೆಗಿಟ್ಟು, ಮಧ್ಯಾಹ್ನ ಮತ್ತೆ ಸೊಪ್ಪಿಗೆ ಓಡಬೇಕಿತ್ತು. ಒಂದು ದಿನ ಎಲ್ಲರ ಊಟವಾದ ಮೇಲೆ ಅವಳ ಪಾಲಿಗೆ ಮುದ್ದೆಯೇ ಉಳಿದಿರಲಿಲ್ಲ. ಆವಲಮ್ಮ ಅಂಬಲಿಗೆ ಮಜ್ಜಿಗೆ ಕಲಸಿಕೊಟ್ಟು, ಇನ್ನು ನಾಲ್ಕು ದಿನ ಸುಧಾರಿಸಿಕೋ ಅಂದಳು.

ಮುಖಪುಟದ ಸರದಿ ಬಂದಾಗ ಗಂಗರತ್ನನಿಗೆ ಕೂತು ಕೂತು ಬೇಸರವಾಗಿತ್ತು. ಹಿಪ್ಪುನೇರಳೆ ಸೊಪ್ಪು ಬಿಡಿಸುವ ಹೆಂಗಸನ್ನು ಹಿಂದಿನಿಂದ ಬರೆಯುವುದೆಂದು ಆಂಜಿನಪ್ಪ ಯೋಚಿಸಿದ್ದ. ಅದಕ್ಕೆ ಬೆನ್ನು, ಸೆರಗು, ಎರಡು ಕೈ ಸಾಕು. ಹೆಂಡತಿಯನ್ನು ಕರೆದ. ಒಂದು ಬುಟ್ಟಿ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ತಿರುಗಬೇಡ ಅಂದ. ಒಂದು ಬೆಳಗೆಲ್ಲ ಅವಳು ಗೋಡೆ ನೋಡಿಕೊಂಡು ಕೂತಿದ್ದಳು. ಗಂಡ ಇಷ್ಟು ಹೊತ್ತು ತನ್ನನ್ನು ನೋಡಿದ್ದು ಅದೇ ಮೊದಲು. ಮುಗಿದ ಮೇಲೆ ಚಿತ್ರ ತೋರಿಸಿದಾಗ, ಕುಡುಗೋಲು ತಾಗಿ ಸೊಟ್ಟಗಾಗಿದ್ದ ತನ್ನ ಕಿರುಬೆರಳನ್ನು ಅವನು ಹಾಗೆಯೇ ಬರೆದಿದ್ದುದು ಅವಳ ಕಣ್ಣಿಗೆ ಬಿತ್ತು. ಆ ಸಂಜೆ ಅವಳು ಸೊಪ್ಪು ಹೆಚ್ಚುತ್ತ ತನಗೆ ತಾನೇ ಏನೋ ಹಾಡಿಕೊಂಡಳು. ಮಗನಿಗೆ ಕಾಫಿ ಕೊಡದೆ ಹಾಡೇನು ಎಂದು ಆವಲಮ್ಮ ಗದರಿದಳು.

ದೀಪಾವಳಿಗೆ ಮೊದಲು ಶಾಲೆ ತೆರೆಯಿತು. ಪೋಸ್ಟರಿನಲ್ಲಿ ಹೆಸರು ಬರೆಯುವುದೊಂದು ಉಳಿದಿತ್ತು. ಅಕ್ಷರ ಆಂಜಿನಪ್ಪನಿಗೆ ಒಲಿಯುತ್ತಿರಲಿಲ್ಲ. ಇಲ್ಲದ ಸಿನಿಮಾಕ್ಕೆ ಒಂದು ಹೆಸರೂ ಹೊಳೆಯಲಿಲ್ಲ. ಮುಖದ ಕೆಳಗೆ ಜಾಗವನ್ನು ಖಾಲಿ ಬಿಟ್ಟೇ ಒಪ್ಪಿಸಿದ. ಅದಕ್ಕೆ ಮೇಷ್ಟರು ಅಂಕ ಕಳೆದರೂ ಮುಖಕ್ಕೆ ಮನಸಾರೆ ಕೊಟ್ಟರು. ಮುಖಪುಟವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು.

ಶಾಲೆಯ ಪ್ರದರ್ಶನಕ್ಕೆ ಬಂದಿದ್ದ ಒಬ್ಬ ಟೆಂಟ್ ಸಿನಿಮಾದ ಮಾಲೀಕನಿಗೆ ಆ ಖಾಲಿ ಜಾಗವೇ ಹಿಡಿಸಿತು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಎಂದು ಊರೂರಿಗೆ ಟೆಂಟು ಹಾಕುವವನು ಅವನು. ಯುದ್ಧ ಬಂದ ಮೇಲೆ ಪೋಸ್ಟರಿಗೆ ಕಾಗದ ಸಿಗುವುದು ಕಷ್ಟವಾಗಿ, ಮದರಾಸಿನಿಂದ ಫಿಲಮ್ಮು ಬಂದರೂ ಅದರ ಜೊತೆ ಚಿತ್ರ ಬರುತ್ತಿರಲಿಲ್ಲ. ಇದೊಂದನ್ನೇ ಒಟ್ಟಿಗೆ ಅಚ್ಚು ಹಾಕಿಸಿಟ್ಟುಕೊಂಡರೆ ವಾರವಾರವೂ ಬೇರೆ ಬೇರೆ ಹೆಸರು ಬರೆದು ಅಂಟಿಸಬಹುದು. ಆಂಜಿನಪ್ಪನನ್ನು ಕರೆದು, ಪರೀಕ್ಷೆ ಮುಗಿದ ದಿನದಿಂದಲೇ ತನ್ನ ಹತ್ತಿರ ಕೆಲಸಕ್ಕೆ ಬಾ ಅಂದ. ಆಂಜಿನಪ್ಪ ಮನೆಯಲ್ಲಿ ಯಾರನ್ನೂ ಕೇಳದೆ ಚಿತ್ರ ಕೊಟ್ಟುಬಿಟ್ಟ.

ಇತ್ತ ಗಂಗರತ್ನನಿಗೆ ಗಂಡು ಗೊತ್ತಾಯಿತು. ರಾಯಲ್ಪಾಡಿನ ಕಡೆಯವರು. ಹುಡುಗ ಸೀನಪ್ಪ, ಶ್ರೀನಿವಾಸಪುರದಲ್ಲಿ ಗುಮಾಸ್ತೆ. ಮನೆಯಲ್ಲಿ ತೆಲುಗು ಮಾತು, ಮಾವಿನ ತೋಪು ಇದ್ದ ಕುಳ. ಹುಡುಗನಿಗೆ ತಂದೆಯಿರಲಿಲ್ಲ; ದೊಡ್ಡಪ್ಪ ಚನ್ನರಾಯಪ್ಪನದೇ ಯಜಮಾನಿಕೆ. ಹೆಣ್ಣು ನೋಡುವ ದಿನ ಗಂಗರತ್ನ ಗಿಳಿಯ ಅಡ್ಡಿಕೆ ಕಟ್ಟಿಕೊಂಡು ತಲೆ ಬಗ್ಗಿಸಿ ಕೂತಿದ್ದಳು. ಹೆಂಗಸರು ಮುಖಕ್ಕಿಂತ ಅಡ್ಡಿಕೆಯನ್ನೇ ಹೆಚ್ಚು ನೋಡಿದರು. ಮಾಘದಲ್ಲಿ ಮದುವೆ ಎಂದಾಯಿತು.

ಸಂಕ್ರಾಂತಿಗೆ ಮುಂಚೆ ದೊಡ್ಡನಾರಾಯಣಪ್ಪ ಸೀಮೆಎಣ್ಣೆಗೆಂದು ಮುಳಬಾಗಿಲಿಗೆ ಹೋದ. ಎಣ್ಣೆ ಅಂಗಡಿಯ ಮುಂದೆ ಸಾಲು ನಿಂತಿದ್ದಾಗ ಎದುರಿನ ಗೋಡೆಯ ಮೇಲೆ ಮಗಳು ನಗುತ್ತಿದ್ದಳು. ಅವಳ ಕತ್ತಿನ ಕೆಳಗೆ ನೀಲಿ ಮಸಿಯಲ್ಲಿ ಯಾವುದೋ ತೆಲುಗು ಸಿನಿಮಾದ ಹೆಸರು. ಅವನು ಸಾಲು ಬಿಟ್ಟು ಹೋಗಿ ಅದನ್ನು ಕಿತ್ತ. ಹಸಿ ಅಂಟಾದ್ದರಿಂದ ಹರಿಯದೆ ಬಂತು. ಅದರಡಿ ಇನ್ನೊಂದಿತ್ತು. ಅದೇ ಮುಖ, ಬೇರೆ ಹೆಸರು.

ಎಣ್ಣೆಯಿಲ್ಲದೆ ಮನೆಗೆ ಬಂದವನು ಕಾಗದವನ್ನು ಹೆಂಡತಿಯ ಮುಂದೆ ಹರಡಿದ.

"ಇದು ಯಾರೇ?"

"ಪರೀಕ್ಷೆಗೆ ಅಂದ," ಅಂದಳು ಆವಲಮ್ಮ. "ಮೇಷ್ಟ್ರು ಒಬ್ರೇ ನೋಡ್ತಾರೆ ಅಂದ."

"ಈಗ ನಾಲ್ಕು ತಾಲ್ಲೂಕು ನೋಡ್ತಾ ಐತೆ."

ಮಗನಿಗೆ ಹೇಳಿ ಕಳಿಸಿದರು. ಆಂಜಿನಪ್ಪ ಬಂದು, ಮಾಲೀಕ ಅಚ್ಚು ಹಾಕಿಸಿಯಾಗಿದೆ, ಇನ್ನು ವಾಪಸು ಕೇಳಿದರೆ ಕೆಲಸವೂ ಹೋಗುತ್ತದೆ ಎಂದು ವಿವರಿಸಿದ. ಅಪ್ಪ ಮಗನಿಗೆ ಹೊಡೆಯಲು ಎದ್ದು ಮತ್ತೆ ಕೂತ. ಗಂಗರತ್ನ ಒಳಗೆ ಕೂತು ಅಳುತ್ತಿದ್ದಳು. ಭಾರತಮ್ಮ ಅವಳನ್ನು ಊಟಕ್ಕೆ ಕರೆದು ಕರೆದು ಸಾಕಾಗಿ, ತಟ್ಟೆಯನ್ನು ಅವಳ ಪಕ್ಕದಲ್ಲೇ ಇಟ್ಟು ಬಂದಳು. ರಾಯಲ್ಪಾಡಿನವರಿಗೆ ತಿಳಿಯುವ ಮುಂಚೆ ಮದುವೆ ಮುಗಿಸಿಬಿಡುವ ಮಾತಾಯಿತು. ಆದರೆ ಮಾರನೆಯ ಬೆಳಿಗ್ಗೆಯೇ ಚನ್ನರಾಯಪ್ಪ, ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಬಂದಿಳಿದ. ಕಂಕುಳಲ್ಲಿ ಸುರುಳಿ ಸುತ್ತಿದ ಒಂದು ಕಾಗದವಿತ್ತು.

ಅವನು ಕೂಗಾಡಲಿಲ್ಲ. ಚಾಪೆಯ ಮೇಲೆ ಕೂತು ಸುರುಳಿಯನ್ನು ಮೊಣಕಾಲ ಪಕ್ಕಕ್ಕಿಟ್ಟುಕೊಂಡ. ಆವಲಮ್ಮ ತಂದಿಟ್ಟ ಮಜ್ಜಿಗೆಯನ್ನು ಮುಟ್ಟಲಿಲ್ಲ. ಸೀನಪ್ಪನ ಕಚೇರಿಯವರು ಅವನ ಮೇಜಿನ ಮೇಲೆ ಇದನ್ನು ಹಾಸಿ ನಕ್ಕಿದ್ದನ್ನೂ, ಹುಡುಗ ಕೆಲಸಕ್ಕೆ ಹೋಗದೆ ಮನೆಯಲ್ಲಿ ಕೂತಿದ್ದನ್ನೂ ಹೇಳಿದ. ಇದು ಮದರಾಸಿನ ಯಾವಳೋ ನಟಿ ಎಂದು ತನ್ನ ಕಡೆಯವರಿಗೆ ಹೇಳಿ ನೋಡಿದನಂತೆ. ಹೆಂಗಸರು ಒಪ್ಪಲಿಲ್ಲವಂತೆ.

"ಗಿಳಿ ಅಡ್ಡಿಕೆ ನಮ್ಮೋರೆಲ್ಲ ನೋಡಿದಾರೆ ನಾರಾಯಣಪ್ಪ. ಈ ಇಂಟಿ ಅಡ್ಡಿಕೆ ಅದು. ಈ ಮನೇದು. ಅಂದ ಮೇಲೆ ಮುಖಾನೂ ಈ ಮನೇದೇ. ಯಾರದು ಅಂತ ಹೇಳು, ನಾನು ಹೋಗ್ತೀನಿ."

ದೊಡ್ಡನಾರಾಯಣಪ್ಪ ಮಗನನ್ನು ನೋಡಿದ. ಆಂಜಿನಪ್ಪ ಅಂದ: "ನನ್ನ ಹೆಂಡತೀನ ಕೂರಿಸಿದ್ದೆ. ಮುಖ ಬರೀವಾಗ ಕೈ ತಂಗಿ ಹೋಲಿಕೆಗೆ ಹೋಗಿರ್ಬೇಕು. ಕಣ್ಣಿಗೆ ಅಭ್ಯಾಸ ಆಗಿರೋ ಮುಖ."

"ಕರಿ ಅವಳನ್ನ."

ಭಾರತಮ್ಮ ಹಟ್ಟಿಯ ಕಡೆಯಿಂದ ಬಂದಳು. ಕೈಗೆ ಸೊಪ್ಪಿನ ಚೂರು ಅಂಟಿತ್ತು. ಸೆರಗಿಗೆ ಕೈ ಒರೆಸುತ್ತ ಕಂಬದ ಹತ್ತಿರ ನಿಂತಳು.

"ಪರೀಕ್ಷೆಗೆ ನಾನು ಚಿತ್ರ ಬರೀವಾಗ ನೀನು ಕೂತಿದ್ದೆ ತಾನೆ?" ಅಂದ ಆಂಜಿನಪ್ಪ.

ಅವಳಿಗೆ ನೆನಪಾದದ್ದು ಬುಟ್ಟಿ ಹಿಡಿದು ಕೂತ ಬೆಳಗು. "ಕೂತಿದ್ದೆ," ಅಂದಳು.

ಆಗ ಚನ್ನರಾಯಪ್ಪ ಸುರುಳಿ ಬಿಚ್ಚಿ ಹರಡಿದ. ಭಾರತಮ್ಮ ನೆಲದ ಮೇಲಿನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಗಂಡ ತಲೆ ಎತ್ತಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಗಂಗರತ್ನನ ಬಳೆ ಸದ್ದಾಯಿತು, ನಿಂತಿತು. ಚನ್ನರಾಯಪ್ಪ ಚಿತ್ರದ ನುಣುಪಾದ ಕೆನ್ನೆಯನ್ನೂ ಎದುರಿಗೆ ನಿಂತವಳ ಕುಳಿ ಬಿದ್ದ ಕೆನ್ನೆಯನ್ನೂ ಒಂದಾದ ಮೇಲೊಂದು ನೋಡಿದ. ಅವನು ದಡ್ಡನಲ್ಲ. ಆಮೇಲೆ ಮಜ್ಜಿಗೆಯ ಲೋಟ ಎತ್ತಿ ಪೂರ್ತಿ ಕುಡಿದ.

"ಸರೇ," ಅಂದ. "ಊರಲ್ಲಿ ಹೇಳೋದಕ್ಕೆ ನನಗೊಂದು ಮಾತು ಬೇಕಿತ್ತು. ಆದ್ರೆ ಮದುವೆ ಚಪ್ಪರದಾಗೆ ಈಕೆ ಓಡಾಡ್ತಿದ್ರೆ ನಮ್ಮೋರು ಎಲೆ ಮುಂದೆ ಕೂರಲ್ಲ. ಅದನ್ನ ನೀವು ನೋಡ್ಕೊಳ್ಳಿ."

ಅವನು ಹೋದ ಮೇಲೆ ಭಾರತಮ್ಮ ಒಲೆಯ ಮುಂದಿದ್ದ ಅತ್ತೆಯ ಹತ್ತಿರ ಬಂದು ನಿಂತಳು. ಅದು ತಾನಲ್ಲವೆಂದು ನಿಮಗೆ ಗೊತ್ತಲ್ಲ ಅಂದಳು.

"ಗೊತ್ತು ಕಣೇ," ಅಂದಳು ಆವಲಮ್ಮ. "ಆ ಹುಡುಗೀದು ಒಂದು ಆಗಿಹೋಗ್ಲಿ. ನಿಂದು ಮದುವೆ ಆಗಿರೋ ಬಾಳು, ನಿಂಗೇನು ಹೋಗೋದಿದೆ?"

ತವರಿಗೆ ಹೊರಡಲು ಭಾರತಮ್ಮ ಗಂಟು ಕಟ್ಟುವಾಗ ಗಂಗರತ್ನ ತನ್ನ ಒಂದು ಹೊಸ ರವಿಕೆ ತಂದು ಪಕ್ಕಕ್ಕಿಟ್ಟಳು. ಭಾರತಮ್ಮ ಅದನ್ನು ತೆಗೆದುಕೊಳ್ಳಲಿಲ್ಲ.

"ನೀನೊಂದು ಮಾತು ಹೇಳ್ಬಹುದಿತ್ತು."

"ಹೇಳಿದ್ರೆ ನನ್ನ ಯಾರು ಮಾಡ್ಕೋತಾರೆ ಅತ್ತಿಗೆ?" ಅಂದಳು ಗಂಗರತ್ನ. ಅದು ನಿಜವೇ ಆಗಿತ್ತು. ಭಾರತಮ್ಮ ಗಂಟು ಬಿಗಿದಳು.

ದೊಡ್ಡನಾರಾಯಣಪ್ಪ ತಾನೇ ಸೊಸೆಯನ್ನು ಮಾಲೂರಿಗೆ ಕರೆದುಕೊಂಡು ಹೋಗಿ ಬೀಗ ಕದಿರಪ್ಪನ ಮನೆಯಲ್ಲಿ ಬಿಟ್ಟ. ದಾರಿಯುದ್ದಕ್ಕೂ ಅವನು ಅವಳಿಗೆ ಕಡಲೆಕಾಯಿ, ಬಾಳೆಹಣ್ಣು ಕೊಡಿಸಿದ. ಮದುವೆ ಮುಗಿದ ಕೂಡಲೇ ಬಂದು ಕರೆದೊಯ್ಯುತ್ತೇವೆ ಅಂದ. ಕದಿರಪ್ಪನ ಮುಂದೆಯಾದರೂ ಮಾವ ನಿಜ ಹೇಳಬಹುದೆಂದು ಅವಳು ಕಾದಳು. ಹುಡುಗಿ ತಿಳಿಯದೆ ಮಾಡಿದ್ದು, ನೀನು ಬೈಯಬೇಡ ಎಂದು ಅವನು ಕದಿರಪ್ಪನಿಗೆ ಹೇಳಿದ. ಒಂದು ಕಡೆ ಹೇಳಿದ್ದನ್ನು ಇನ್ನೊಂದು ಕಡೆ ಬದಲಿಸಿ ಹೇಳುವ ಧೈರ್ಯ ಅವನಿಗಿರಲಿಲ್ಲ.

ಬೀಗ ಹೋಗುವವರೆಗೂ ಕದಿರಪ್ಪ ಮರ್ಯಾದೆಯಿಂದ ನಡೆದುಕೊಂಡ. ಆಮೇಲೆ ಮಗಳಿಗೆ ಹೇಳಿದ್ದು ಒಂದೇ: "ನೀನೇ ಒಪ್ಕೊಂಡೆಯಂತೆ." ಅವಳು ಬುಟ್ಟಿಯ ವಿಷಯ, ಬೆನ್ನಿನ ವಿಷಯ ಎಷ್ಟು ಹೇಳಿದರೂ, ಗಂಡ ಯಾಕೆ ಸುಳ್ಳು ಹೇಳುತ್ತಾನೆ ಎಂಬಲ್ಲಿಗೇ ಅವನು ಬಂದು ನಿಲ್ಲುತ್ತಿದ್ದ.

ಆ ಟೆಂಟು ಮಾಲೂರಿಗೂ ಬಂತು. ಊರಿನ ಹೆಂಗಸರು ಹೋಗಿ ಗೋಡೆ ನೋಡಿ ಬಂದರು. ತಾಯಿ ಶಾಮಲಮ್ಮನೂ ಹೋಗಿ ಬಂದಳು. ಮಗಳ ತಲೆ ಬಾಚುತ್ತ, ಸಮಾಧಾನದ ದನಿಯಲ್ಲಿ ಅಂದಳು: "ನಂಗೆ ಮೊದಲೇ ಗೊತ್ತಿತ್ತು ಕಣೇ, ಅದು ನೀನಲ್ಲ. ನಿನ್ನ ಮುಖ ಯಾರು ಬರೀತಾರೆ?"

ಅವಳ ಮಾತನ್ನು ನಂಬಿದ್ದು ತಾಯಿಯೊಬ್ಬಳು. ನಂಬಿದ್ದು ಆ ಕಾರಣಕ್ಕೆ. ಭಾರತಮ್ಮ ಬಾಚಣಿಗೆಯನ್ನು ತಾಯಿಯ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ತಾನೇ ಬಾಚಿಕೊಂಡಳು.

ಕೈ ಕಟ್ಟಿ ಕೂರುವ ಅಭ್ಯಾಸ ಅವಳಿಗಿರಲಿಲ್ಲ. ಪಕ್ಕದ ಬೀದಿಯಲ್ಲಿ ಗೂಡಿನಿಂದ ನೂಲು ತೆಗೆಯುವ ಒಂದು ಕೊಟ್ಟಿಗೆ ಇತ್ತು. ಅಕ್ಕಯಮ್ಮ ಎಂಬ ವಿಧವೆ ನಡೆಸುತ್ತಿದ್ದಳು. ಭಾರತಮ್ಮ ಅಲ್ಲಿಗೆ ಹೋಗತೊಡಗಿದಳು. ಕುದಿಯುವ ನೀರಿನಲ್ಲಿ ಗೂಡು ಆಡಿಸಿ ಎಳೆ ಹಿಡಿಯುವ ಕೆಲಸ. ಬೆರಳ ತುದಿಗಳು ಬೆಂದು ಬೆಳ್ಳಗಾದವು. ಅಕ್ಕಯಮ್ಮ ಪೋಸ್ಟರಿನ ಮಾತನ್ನು ಎತ್ತಲೇ ಇಲ್ಲ. ಎಳೆ ಕಡಿಯದೆ ಬರುತ್ತಿದೆಯೇ ಎಂದಷ್ಟೇ ನೋಡುತ್ತಿದ್ದಳು.

ಮಾಘ ಬಂತು. ಗಂಗರತ್ನನ ಮದುವೆ ಆಯಿತು. ಕದಿರಪ್ಪನ ಮನೆಗೆ ಕರೆ ಬರಲಿಲ್ಲ. ಹೋಗಿ ಬಂದ ಯಾರೋ ಊಟದ ಸುದ್ದಿ ಹೇಳಿದರು, ರಾಯಲ್ಪಾಡಿನವರು ಎರಡು ಪಂಕ್ತಿ ಕೂತು ಉಂಡರೆಂದು.

ಶಿವರಾತ್ರಿ ಕಳೆದ ಮೇಲೆ ಆಂಜಿನಪ್ಪ ಬಂದ. ಕೈಗಡಿಯಾರ ಕಟ್ಟಿದ್ದ. ಶಾಮಲಮ್ಮ ನೀರು ಕೊಟ್ಟು ಒಳಗೆ ಹೋದಳು. ಬೆಂಗಳೂರಿನಲ್ಲಿ ಮನೆ ನೋಡಿದ್ದೇನೆ, ಹೊರಡು ಎಂದು ಅವನು ಹೆಂಡತಿಗೆ ಹೇಳಿದ.

"ಬರ್ತೀನಿ," ಅಂದಳು ಭಾರತಮ್ಮ. "ನಮ್ಮಪ್ಪನಿಗೆ ಒಂದು ಮಾತು ಹೇಳಿ. ಅದು ನಾನಲ್ಲ ಅಂತ. ಬೇರೆ ಯಾರಿಗೂ ಹೇಳ್ಬೇಡಿ. ನಿಮ್ಮ ತಂಗಿ ಮದುವೆ ಆಗೋಯ್ತಲ್ಲ, ಈಗ ಏನು ಭಯ?"

ಅವನು ಹೂಂ ಅಂದ. ಕದಿರಪ್ಪ ತೋಟದಿಂದ ಬಂದ ಮೇಲೆ ಇಬ್ಬರೂ ಊಟಕ್ಕೆ ಕೂತರು. ಭಾರತಮ್ಮ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಡಿಸಿ, ಬಾಗಿಲ ಹಿಂದೆ ನಿಂತಳು. ಅವರು ಗೂಡಿನ ಬೆಲೆ ಮಾತಾಡಿದರು. ಅಕ್ಕಿ ಸಿಗದ ಮಾತಾಡಿದರು. ಕೈ ತೊಳೆದ ಮೇಲೆ ಆಂಜಿನಪ್ಪ ಗಂಟಲು ಸರಿಮಾಡಿಕೊಂಡು ಅಂದ:

"ಮಾವ, ಆಗಿದ್ದು ಆಗೋಯ್ತು. ನಿಮ್ಮ ಮಗಳನ್ನ ನಾನು ಕ್ಷಮಿಸಿದೀನಿ. ಕರ್ಕೊಂಡು ಹೋಗೋಕೆ ಬಂದೆ."

ಕದಿರಪ್ಪ ಅಳಿಯನ ಎರಡು ಕೈಯನ್ನೂ ಹಿಡಿದುಕೊಂಡು ಅತ್ತುಬಿಟ್ಟ. ಭಾರತಮ್ಮ ಬಾಗಿಲ ಹಿಂದಿನಿಂದ ಈಚೆ ಬಂದಳು.

"ಅಪ್ಪ, ಅದು ಗಂಗರತ್ನನ ಮುಖ. ಇವರನ್ನೇ ಕೇಳು."

ಕದಿರಪ್ಪ ಅಳಿಯನನ್ನು ಕೇಳಲಿಲ್ಲ. ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದ. "ಕ್ಷಮಿಸಿದೀನಿ ಅಂತಿದಾರಲ್ಲ. ಈಗ್ಯಾಕೆ ಆ ಮಾತು? ಗಂಟು ಕಟ್ಕೋ."

ಅವಳು ಗಂಟು ಕಟ್ಟಿಕೊಂಡಳು. ಶಾಮಲಮ್ಮ ಮಡಿಲು ತುಂಬಿ, ದಾರಿಗೆಂದು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಳು. ಗಂಡ ಹೆಂಡಿರು ಮಾಲೂರಿನ ರೈಲು ನಿಲ್ದಾಣಕ್ಕೆ ನಡೆದು ಬಂದರು. ಗಾಡಿ ತಡವಾಗಿತ್ತು. ಆಂಜಿನಪ್ಪನಿಗೆ ಭಾರ ಇಳಿದಂತಾಗಿ ಮಾತು ಬಂತು. ಹಿತ್ತಿಲಲ್ಲೇ ನಲ್ಲಿ ಇದೆ, ನೀರು ಹೊರುವ ಕಷ್ಟವಿಲ್ಲ, ಮಾಲೀಕ ಒಳ್ಳೆಯವನು, ಈಗ ಅಕ್ಷರವನ್ನೂ ಕಲಿಯುತ್ತಿದ್ದೇನೆ ಎಂದೆಲ್ಲ ಹೇಳಿದ. ಆಮೇಲೆ, ಬೇರೆ ಯಾವುದೋ ಸಣ್ಣ ವಿಷಯ ಹೇಳುವಂತೆ, ಯುಗಾದಿಗೆ ಗಂಗರತ್ನ ಗಂಡನ ಜೊತೆ ಊರಿಗೆ ಬರುತ್ತಾಳೆ, ಆಗ ನೀನು ಬರುವುದು ಬೇಡ, ನಾನೊಬ್ಬನೇ ಹೋಗಿ ಬರುತ್ತೇನೆ ಅಂದ. ಗೌರಿ ಹಬ್ಬಕ್ಕೂ ಬಹುಶಃ ಹಾಗೇ. ಸೀನಪ್ಪ ಸ್ವಲ್ಪ ಸೂಕ್ಷ್ಮದವನು.

"ಎಷ್ಟು ವರ್ಷ?" ಅಂದಳು ಭಾರತಮ್ಮ.

"ಜನ ಮರೆಯೋವರೆಗೆ."

ಗಾಡಿ ಬಂತು. ತುಂಬ ಸಿಪಾಯಿಗಳು, ಬಾಗಿಲಲ್ಲೂ ಜನ. ಆಂಜಿನಪ್ಪ ನೂಕಿಕೊಂಡು ಹತ್ತಿ, ತಿರುಗಿ ಗಂಟಿಗೆ ಕೈ ಚಾಚಿದ. ಭಾರತಮ್ಮ ರೊಟ್ಟಿಯ ಪೊಟ್ಟಣವನ್ನು ಅವನ ಕೈಗಿಟ್ಟಳು. ಗಂಟನ್ನು ಕೊಡಲಿಲ್ಲ.

"ಹತ್ತು," ಅಂದ ಅವನು.

"ನೀವು ಹೋಗಿ. ಊರಲ್ಲಿ ಕೇಳಿದ್ರೆ ನಾನೇ ಬರ್ಲಿಲ್ಲ ಅನ್ನಿ. ಈ ಸಲ ನಿಜ ಹೇಳಿದಂಗಾಗುತ್ತೆ."

ಗಾಡಿ ಹೋಯಿತು. ಅವಳು ಊರಿಗೆ ವಾಪಸು ನಡೆದಳು. ಶಾಮಲಮ್ಮ ಬಾಗಿಲಲ್ಲಿ ಅವಳನ್ನು ಕಂಡು ಒಳಗೆ ಹೋಗಿ, ಒಲೆಯ ಮೇಲಿನ ಸಾರಿಗೆ ಇನ್ನಷ್ಟು ನೀರು ಹೊಯ್ದಳು. ಕದಿರಪ್ಪ ಜಗುಲಿಯಿಂದ ಎದ್ದು ಹೊರಗೆ ಹೋದ.

ಅವಳು ನೂಲಿನ ಕೊಟ್ಟಿಗೆಯಲ್ಲಿ ದುಡಿದಳು. ಯುದ್ಧ ಮುಗಿದು ರೇಷ್ಮೆಯ ಬೆಲೆ ಬಿದ್ದ ಮೇಲೂ ದುಡಿದಳು. ಆಂಜಿನಪ್ಪ ಬೇರೆ ಮದುವೆಯಾದ. ಅದಕ್ಕೆ ಯಾರೂ ಅವನನ್ನು ಕಾರಣ ಕೇಳಲಿಲ್ಲ. ಎರಡು ವರ್ಷ ಮಳೆ ಸರಿಯಾಗಿ ಆಗದೆ ಹೊಲದ ರಾಗಿ ಬರದಿದ್ದಾಗ ಮನೆಯ ಒಲೆ ಹತ್ತಿದ್ದು ಭಾರತಮ್ಮನ ಕೂಲಿಯಿಂದ. ಕದಿರಪ್ಪ ಸಾಯುವವರೆಗೂ ಮಗಳ ಜೊತೆ ಮಾತಾಡಲಿಲ್ಲ. ಅವಳು ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಸಾರಿಗೆ ಉಪ್ಪು ಕಮ್ಮಿಯಾಗಿದ್ದರೆ ಹೆಂಡತಿಯ ಕಡೆ ತಿರುಗಿ ಹೇಳುತ್ತಿದ್ದ. ಭಾರತಮ್ಮ ಎದ್ದು ಉಪ್ಪು ತಂದು ಅವನ ತಟ್ಟೆಗೆ ಹಾಕುತ್ತಿದ್ದಳು.